ಒಂದೇ ರಕ್ತಕ್ಕೆ ಮೂರು ಬೆಲೆ



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದು ಜನರೆಲ್ಲ ಮನೆಗೆ ಹೊರಟಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯ ರೈತರೊಬ್ಬರು ಅಂಗಿಯ ಜೇಬಿನಿಂದ ಮೂರು ಚೀಟಿಗಳನ್ನು ತೆಗೆದು ನಮ್ಮ ಕೈಗಿತ್ತರು. ಮೂರೂ ರಕ್ತ ಪರೀಕ್ಷೆಯ ರಸೀದಿಗಳು. ಸಕ್ಕರೆ ಕಾಯಿಲೆಯಿರುವ ಅವರು ಒಂದೇ ವರ್ಷದಲ್ಲಿ ಮೂರು ಕಡೆ ಎಚ್.ಬಿ.ಎ.೧ಸಿ. ಪರೀಕ್ಷೆ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ, ಮಾಡಿಸಿದ್ದರು. ಒಂದು ಕಡೆ ೨೫೦ ರೂಪಾಯಿ, ಇನ್ನೊಂದು ಕಡೆ ೪೦೦, ಸೇಲಂ ಪಟ್ಟಣದಲ್ಲಿ ೬೦೦. "ಸಾಮೀ, ರಕ್ತ ನನ್ನದೊಂದೇ, ಪರೀಕ್ಷೆಯೂ ಒಂದೇ. ಬೆಲೆ ಮಾತ್ರ ಮೂರು ಯಾಕೆ? ಇವರಲ್ಲಿ ನನಗೆ ಮೋಸ ಮಾಡಿದವರು ಯಾರು?" ಎಂದು ಕೇಳಿದರು.

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಸೆಮಿನರಿಯಲ್ಲಿ ನಾವು ಓದಿದ್ದು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಪ್ರಯೋಗಾಲಯದ ಲೆಕ್ಕ ನಮಗೆ ತಿಳಿಯದು. ಆದರೂ ಪ್ರಶ್ನೆ ನ್ಯಾಯವಾದುದು. ಆದುದರಿಂದ ಲ್ಯಾಬುಗಳಲ್ಲಿ ದುಡಿಯುವವರನ್ನೂ ಕೆಲವು ವೈದ್ಯರನ್ನೂ ವಿಚಾರಿಸಿ ತಿಳಿದುಕೊಂಡದ್ದನ್ನು ಈ ಅಂಕಣದಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಬೆಲೆ ಬೇರೆಯಾದ ಮಾತ್ರಕ್ಕೆ ಮೋಸವೆಂದಲ್ಲ. ಆದರೆ ಆ ಬೆಲೆಯೊಳಗೆ ರೋಗಿ ಕೊಡಬೇಕಾದ ಹಣವೂ ಇದೆ, ಕೊಡಬಾರದ ಹಣವೂ ಇದೆ. ಎರಡನ್ನೂ ಬೇರ್ಪಡಿಸುವ ಕೆಲಸ ಸೂಜಿ ಚುಚ್ಚುವುದಕ್ಕೆ ಮುಂಚೆಯೇ ಆಗಬೇಕು.

ಮರಗೆಣಸು ಬೆಳೆಯುವ ನಮಗೆ ಇದು ತೀರ ಹೊಸ ವಿಷಯವೇನಲ್ಲ. ಸೇಗೋ ಫ್ಯಾಕ್ಟರಿಯಲ್ಲಿ ಗೆಣಸಿನ ಬೆಲೆ ಬರೀ ತೂಕದ ಮೇಲೆ ನಿಲ್ಲುವುದಿಲ್ಲ, ಪಾಯಿಂಟಿನ ಮೇಲೆ, ಅಂದರೆ ಗೆಣಸಿನಲ್ಲಿರುವ ಹಿಟ್ಟಿನಂಶದ ಮೇಲೆ ನಿಲ್ಲುತ್ತದೆ. ಒಂದೇ ಹೊಲದ ಗೆಣಸಿಗೆ ಒಂದು ಕಡೆ ಹೆಚ್ಚು ಪಾಯಿಂಟು, ಇನ್ನೊಂದು ಕಡೆ ಕಡಿಮೆ ಬಂದರೆ ನಾವು ಸುಮ್ಮನಿರುತ್ತೇವೆಯೇ? ಅಳೆದವರು ಯಾರು, ಹೇಗೆ ಅಳೆದರು ಎಂದು ಕೇಳುತ್ತೇವೆ. ಹಾಲಿನ ಸೊಸೈಟಿಯಲ್ಲಿ ಫ್ಯಾಟ್ ಕಡಿಮೆ ಬರೆದರೆ ಬಾಯಿಬಿಟ್ಟು ಜಗಳವಾಡುತ್ತೇವೆ. ಅದೇ ನಾವು ಲ್ಯಾಬಿನ ಕುರ್ಚಿಯಲ್ಲಿ ಕುಳಿತ ಕೂಡಲೇ ತೋಳು ಮಡಚಿ ಕೈ ಚಾಚುತ್ತೇವೆ. ಬೆಲೆಯ ಮಾತು ಎತ್ತುವುದಕ್ಕೆ ನಾಚುತ್ತೇವೆ.

ಬೆಲೆಯೊಳಗೆ ಏನೇನಿದೆ?

ಸಾಮಾನ್ಯ ಸಕ್ಕರೆ ಪರೀಕ್ಷೆಯೊಂದಕ್ಕೆ ಬೇಕಾಗುವ ರಾಸಾಯನಿಕದ ಬೆಲೆ ಕೆಲವೇ ರೂಪಾಯಿ. ಉಳಿದದ್ದು ಕಟ್ಟಡದ ಬಾಡಿಗೆ, ಕರೆಂಟು, ಸಂಬಳ, ಯಂತ್ರ. ಇದರ ಜೊತೆಗೆ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಖರ್ಚಿದೆ. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು, ಫಲಿತಾಂಶ ಮೊದಲೇ ಗೊತ್ತಿರುವ ಮಾದರಿಯೊಂದನ್ನು ಪ್ರತಿದಿನ ಅದರಲ್ಲಿ ಪರೀಕ್ಷಿಸಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಹತ್ತು ರೋಗಿಗಳು ಬಂದರೂ ಅದರ ಖರ್ಚು ಅಷ್ಟೇ, ಸಾವಿರ ಮಂದಿ ಬಂದರೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಸಾವಿರಾರು ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸುವ ದೊಡ್ಡ ಲ್ಯಾಬು ಕಡಿಮೆ ಬೆಲೆಗೆ ಮಾಡಿಕೊಡಬಲ್ಲದು. ನಮ್ಮ ಸುತ್ತಮುತ್ತ ಡಿ.ಎಂ.ಎಲ್.ಟಿ. ಓದಿ ಸಣ್ಣ ಲ್ಯಾಬು ಇಟ್ಟ ಹುಡುಗ ಹುಡುಗಿಯರು ಸ್ವಲ್ಪ ಹೆಚ್ಚು ಕೇಳಿದರೆ ಅದು ದುರಾಸೆಯೆಂದು ತೀರ್ಮಾನಿಸುವುದು ಸರಿಯಲ್ಲ. ಹಲವು ಕಡೆ ಯಂತ್ರವನ್ನು ಕಂಪನಿಯೇ ತಂದಿಟ್ಟು, ತಿಂಗಳಿಗೆ ಇಷ್ಟು ರಾಸಾಯನಿಕವನ್ನು ತನ್ನಿಂದಲೇ ಕೊಳ್ಳಬೇಕೆಂದು ಒಪ್ಪಂದ ಮಾಡಿಕೊಂಡಿರುತ್ತದೆ. ರೋಗಿಗಳು ಕಡಿಮೆಯಾದರೂ ಆ ಹಣ ಕಟ್ಟಲೇಬೇಕು.

ಎರಡನೆಯದು ಪರೀಕ್ಷೆಯ ವಿಧಾನ. ಒಂದೇ ಹೆಸರಿನ ಪರೀಕ್ಷೆಯನ್ನು ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಮಾಡುತ್ತಾರೆ, ಎಚ್.ಬಿ.ಎ.೧ಸಿ. ಮತ್ತು ಥೈರಾಯ್ಡ್ ಪರೀಕ್ಷೆಗಳು ಇದಕ್ಕೆ ಉದಾಹರಣೆ. ಇದಲ್ಲದೆ ಎನ್.ಎ.ಬಿ.ಎಲ್. ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಲ್ಯಾಬುಗಳು ತಪಾಸಣೆಗೂ ದಾಖಲೆಗೂ ಹಣ ಖರ್ಚು ಮಾಡುತ್ತವೆ. ಆ ಮಾನ್ಯತೆ ಕಡ್ಡಾಯವಲ್ಲ. ಅದಿಲ್ಲದ ಲ್ಯಾಬು ಕೆಟ್ಟದ್ದು ಎನ್ನಲಾಗದು, ಆದರೆ ಅದಿರುವ ಕಡೆ ಹೊರಗಿನವರು ಬಂದು ಕೆಲಸವನ್ನು ನೋಡಿದ್ದಾರೆ ಎಂಬುದು ನಿಜ.

ಮೂರನೆಯದು ಸಾಗಣೆ. ಸಣ್ಣ ಪೇಟೆಗಳಲ್ಲಿ ಬೋರ್ಡು ಹಾಕಿಕೊಂಡಿರುವ ಹಲವು ಅಂಗಡಿಗಳು ರಕ್ತವನ್ನು ಸಂಗ್ರಹಿಸುತ್ತವೆ ಅಷ್ಟೆ. ಪರೀಕ್ಷೆ ನಡೆಯುವುದು ಸೇಲಂನಲ್ಲೋ ಚೆನ್ನೈಯಲ್ಲೋ ಬೆಂಗಳೂರಿನಲ್ಲೋ. ಇಲ್ಲಿ ಹಣಕ್ಕಿಂತ ದೊಡ್ಡ ವಿಷಯವೊಂದಿದೆ. ಕೊಳವೆಯೊಳಗೆ ಸುಮ್ಮನೆ ಬಿಟ್ಟ ರಕ್ತದಲ್ಲಿ ರಕ್ತಕಣಗಳೇ ಸಕ್ಕರೆಯನ್ನು ತಿನ್ನುತ್ತಾ ಹೋಗುತ್ತವೆ. ಗಂಟೆಗೆ ಸುಮಾರು ನೂರಕ್ಕೆ ೫ರಿಂದ ೭ರಷ್ಟು ಸಕ್ಕರೆ ಇಳಿಯುತ್ತದೆ. ಅದನ್ನು ತಡೆಯಲು ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆಯನ್ನು ಬಳಸುತ್ತಾರೆ, ಬೇಗನೆ ತಂಪಿನಲ್ಲಿ ಇಡುತ್ತಾರೆ. ಬಿಸಿಲಿನಲ್ಲಿ ಬೈಕಿನ ಚೀಲದೊಳಗೆ ಅರ್ಧ ದಿನ ಸುತ್ತಿದ ರಕ್ತ ಎಷ್ಟು ಅಗ್ಗದಲ್ಲಿ ಪರೀಕ್ಷೆಯಾದರೇನು ಬಂತು? ಇದ್ದ ಸಕ್ಕರೆಯನ್ನು ಕಡಿಮೆ ತೋರಿಸಿ ನಮ್ಮನ್ನು ನಿಶ್ಚಿಂತೆಯಿಂದ ಮಲಗಿಸುವ ವರದಿ ಉಚಿತವಾಗಿ ಸಿಕ್ಕರೂ ನಷ್ಟವೇ.

ಇಲ್ಲಿಯವರೆಗೆ ಹೇಳಿದ್ದು ನ್ಯಾಯವಾದ ವ್ಯತ್ಯಾಸ. ಇನ್ನು ನಾಲ್ಕನೆಯದು. ದೊಡ್ಡ ಲ್ಯಾಬುಗಳು ಸಂಗ್ರಹ ಕೇಂದ್ರಕ್ಕೆ ಒಂದು ದರ ಕೊಡುತ್ತವೆ, ರೋಗಿಯ ಪಟ್ಟಿಯಲ್ಲಿ ಇನ್ನೊಂದು ದರ ಹಾಕುತ್ತವೆ. ನಡುವಿನ ಹಣ ಸಂಗ್ರಹಿಸಿದವರ ದುಡಿಮೆಗೆ ಹೋದರೆ ನಮ್ಮ ತಕರಾರಿಲ್ಲ. ಅದರಲ್ಲಿ ಒಂದು ಪಾಲು ಚೀಟಿ ಬರೆದುಕೊಟ್ಟವರಿಗೆ ಹೋದರೆ ಅದು ಕಮಿಷನ್. ಭಾರತೀಯ ವೈದ್ಯಕೀಯ ಮಂಡಳಿಯ ೨೦೦೨ರ ನಡತೆಯ ನಿಯಮಗಳು ಇಂಥ ಕಮಿಷನ್ನನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಎಲ್ಲ ವೈದ್ಯರೂ ಹೀಗೆಂದು ನಾವು ಹೇಳುವುದಿಲ್ಲ. ಒಂದು ಪೈಸೆ ಮುಟ್ಟದ ವೈದ್ಯರನ್ನು ನಾವು ಬಲ್ಲೆವು. ಆದರೆ ಈ ಪಾಲು ಇರುವ ಕಡೆ ಎರಡು ಕೇಡು ಆಗುತ್ತದೆ: ಬೆಲೆಯೂ ಏರುತ್ತದೆ, ಬೇಡದ ಪರೀಕ್ಷೆಯೂ ಸೇರಿಕೊಳ್ಳುತ್ತದೆ.

ಪ್ಯಾಕೇಜಿನ ಲೆಕ್ಕ ಮತ್ತು ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ದೇವಾಲಯದ ಆವರಣದಲ್ಲಿ ಉಚಿತ ಸಕ್ಕರೆ ತಪಾಸಣೆಯ ಶಿಬಿರ ನಡೆಯಿತು. ಶಾಮಿಯಾನ ಹಾಕಿಸಿದವರು ನಾವೇ. ಪೀಠದಿಂದ ಪ್ರಕಟಣೆ ಓದಿದವರೂ ನಾವೇ. ಬೆರಳು ಚುಚ್ಚಿ ನೋಡಿದ ಮೇಲೆ ಹಲವರಿಗೆ ದೊಡ್ಡ ಪ್ಯಾಕೇಜಿನ ಚೀಟಿ ಕೊಟ್ಟು ಪಟ್ಟಣಕ್ಕೆ ಬರಹೇಳಿದರು. ಗೆಣಸು ಮಾರಿದ ಹಣವನ್ನು ಅಲ್ಲಿ ಸುರಿದ ಕುಟುಂಬಗಳಿವೆ. ಮುಂದಿನ ಪರೀಕ್ಷೆಗಳಿಗೆ ಎಷ್ಟು ಖರ್ಚಾಗುವುದೆಂದು ನಾವು ಮೊದಲೇ ಕೇಳಲಿಲ್ಲ. ನಮ್ಮ ಮಾತನ್ನು ನಂಬಿ ಹೋದವರಲ್ಲಿ ಈ ಮೂಲಕ ಕ್ಷಮೆ ಕೇಳುತ್ತೇವೆ.

"೭೦ ಪರೀಕ್ಷೆಗಳು, ಒಂದೇ ಬೆಲೆ" ಎಂಬ ಜಾಹೀರಾತನ್ನು ಓದುವುದು ಹೇಗೆಂದು ಆಮೇಲೆ ಕಲಿತೆವು. ಒಂದು ಕೊಳವೆ ರಕ್ತವನ್ನು ಒಮ್ಮೆ ಯಂತ್ರಕ್ಕೆ ಕೊಟ್ಟರೆ ರಕ್ತಕಣಗಳ ಪೂರ್ಣ ಎಣಿಕೆಯಲ್ಲಿ ಹತ್ತಕ್ಕೂ ಹೆಚ್ಚು ಸಾಲುಗಳು ತಾವಾಗಿ ಬರುತ್ತವೆ. ಕೊಬ್ಬಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನಿಜವಾಗಿ ಅಳೆಯುವುದು ಮೂರು: ಒಟ್ಟು ಕೊಲೆಸ್ಟರಾಲ್, ಎಚ್.ಡಿ.ಎಲ್., ಟ್ರೈಗ್ಲಿಸರೈಡ್. ಎಲ್.ಡಿ.ಎಲ್. ಅನ್ನು ಹಲವು ಕಡೆ ೧೯೭೨ರಲ್ಲಿ ಪ್ರಕಟವಾದ ಫ್ರೀಡ್‌ವಾಲ್ಡ್ ಸೂತ್ರದಂತೆ ಕೂಡಿ ಕಳೆದು ಬರೆಯುತ್ತಾರೆ. ವಿ.ಎಲ್.ಡಿ.ಎಲ್. ಮತ್ತು ಅನುಪಾತಗಳೂ ಲೆಕ್ಕವೇ. ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಆ ಒಂದೊಂದು ಸಾಲನ್ನೂ ಒಂದೊಂದು ಪರೀಕ್ಷೆಯೆಂದು ಎಣಿಸಿ ಅಗ್ಗವೆಂದು ಮಾರುವುದು ವ್ಯಾಪಾರ.

ಮತ್ತೊಂದು ಸಂಗತಿ. ವರದಿಯಲ್ಲಿ ಅಚ್ಚಾಗುವ 'ಸಾಮಾನ್ಯ ಮಿತಿ'ಯನ್ನು ಬಹುತೇಕ ಪರೀಕ್ಷೆಗಳಲ್ಲಿ ನೂರು ಆರೋಗ್ಯವಂತರಲ್ಲಿ ೯೫ ಮಂದಿ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಉಳಿದ ಐವರು ಆರೋಗ್ಯವಾಗಿದ್ದರೂ ಅವರ ವರದಿಯಲ್ಲಿ ದಪ್ಪ ಅಕ್ಷರ ಬೀಳುತ್ತದೆ. ಸಾಲುಗಳು ಹೆಚ್ಚಾದಷ್ಟೂ ದಪ್ಪ ಅಕ್ಷರಗಳು ಹೆಚ್ಚು, ಹೆದರಿಕೆ ಹೆಚ್ಚು, ಮರುಪರೀಕ್ಷೆಯ ಖರ್ಚೂ ಹೆಚ್ಚು.

ಸರ್ಕಾರ ಏನು ಮಾಡಬಲ್ಲದು?

ಔಷಧಿಯ ಪಟ್ಟಿಯ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಖಾಸಗಿ ರಕ್ತ ಪರೀಕ್ಷೆಗೆ ದೇಶವೆಲ್ಲಕ್ಕೂ ಒಂದೇ ಆದ ಅಂಥ ಬೆಲೆಯಿಲ್ಲ. ಮನಸ್ಸು ಮಾಡಿದರೆ ಮಿತಿ ಹಾಕಲು ಸಾಧ್ಯವೆಂಬುದನ್ನು ಕೊರೋನಾ ಕಾಲದಲ್ಲಿ ಕಂಡೆವು. ಮೂಗಿನ ದ್ರವದ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಗೆ ೨೦೨೦ರ ಮಾರ್ಚಿನಲ್ಲಿ ೪,೫೦೦ ರೂಪಾಯಿಯ ಗರಿಷ್ಠ ಮಿತಿಯಿತ್ತು. ೨೦೨೧ರಲ್ಲಿ ತಮಿಳುನಾಡಿನಲ್ಲಿ ಅದು ಸಾವಿರ ರೂಪಾಯಿಗಿಂತ ಕೆಳಗಿಳಿಯಿತು. ೨೦೨೪ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂ ಪರೀಕ್ಷೆಗೆ ದರ ಗೊತ್ತುಪಡಿಸಿತು: ಎರಡು ಬಗೆಯ ಎಲೈಸಾ ಪರೀಕ್ಷೆಗೆ ತಲಾ ೩೦೦ ರೂಪಾಯಿ. ಸಾಂಕ್ರಾಮಿಕ ಬಂದಾಗ ಆಗುವ ಕೆಲಸ ದಿನನಿತ್ಯದ ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳಿಗೆ ಯಾಕಾಗಬಾರದು?

ಹಾಗೆಂದು ಬೆಲೆಯನ್ನು ತೀರ ತುಳಿದರೆ ಸಣ್ಣ ಲ್ಯಾಬುಗಳು ಮುಚ್ಚುತ್ತವೆ, ಇಲ್ಲವೇ ಕಂಟ್ರೋಲ್ ಮಾಡುವುದನ್ನು ಬಿಡುತ್ತವೆ. ನಮಗೆ ಮೊದಲು ಬೇಕಾದದ್ದು ಬಹಿರಂಗವಾದ ದರಪಟ್ಟಿ. ಕೇಂದ್ರದ ೨೦೧೨ರ ನಿಯಮಗಳು, ಆ ಕಾಯ್ದೆಯನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ, ದರಗಳನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕೆನ್ನುತ್ತವೆ. ತಮಿಳುನಾಡಿಗೆ ತನ್ನದೇ ಆದ ೧೯೯೭ರ ಕಾಯ್ದೆಯಿದೆ, ಅದರ ನಿಯಮಗಳು ೨೦೧೮ರಲ್ಲಿ ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ ೨೦೧೮ರಲ್ಲಿ ಹೊರಬಂದ ರೋಗಿಗಳ ಹಕ್ಕುಗಳ ಸನ್ನದು, ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ಆರಿಸಿಕೊಳ್ಳುವುದು ರೋಗಿಯ ಹಕ್ಕು ಎಂದು ಹೇಳುತ್ತದೆ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಸರ್ಕಾರಿ ಆರೋಗ್ಯ ಕೇಂದ್ರವನ್ನು ಮರೆಯಬೇಡಿ. ಸಾಮಾನ್ಯ ಪರೀಕ್ಷೆಗಳನ್ನು ಉಚಿತವಾಗಿ ಮಾಡಿಕೊಡುವ ರಾಷ್ಟ್ರೀಯ ಯೋಜನೆ ೨೦೧೫ರಿಂದ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಓಮಲೂರಿನ ಸರ್ಕಾರಿ ಆಸ್ಪತ್ರೆ, ಸೇಲಂ ಮತ್ತು ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ನಮ್ಮ ತೆರಿಗೆಯಿಂದಲೇ ನಡೆಯುತ್ತವೆ. ೨೦೨೧ರ ಆಗಸ್ಟ್ ೫ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯವರು ಬಿ.ಪಿ. ಮತ್ತು ಸಕ್ಕರೆ ಇರುವವರ ಮನೆಗೇ ಬರುತ್ತಾರೆ. ಅವರು ಬಂದಾಗ ಹೊಲದಲ್ಲಿದ್ದೇವೆಂದು ಹೇಳಿ ಕಳುಹಿಸಬೇಡಿ.

ಎರಡನೆಯದಾಗಿ, ಖಾಸಗಿ ಲ್ಯಾಬಿಗೆ ಹೋದಾಗ ನಾಲ್ಕು ಮಾತು ಕೇಳಿ: ಬೆಲೆ ಎಷ್ಟು? ಪರೀಕ್ಷೆ ಇಲ್ಲೇ ನಡೆಯುತ್ತದೆಯೋ, ಹೊರಗೆ ಹೋಗುತ್ತದೆಯೋ? ಹೊರಗಾದರೆ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ? ವೈದ್ಯರು ಬರೆದ ಪರೀಕ್ಷೆಯಷ್ಟನ್ನೇ ಮಾಡುವಿರಾ? ಬಸ್ಸಿನ ಹಣ ಮತ್ತು ತಪ್ಪಿದ ಒಂದು ದಿನದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಐವತ್ತು ರೂಪಾಯಿ ಉಳಿಸಲು ಸೇಲಂಗೆ ಹೋಗುವುದು ಕೆಲವೊಮ್ಮೆ ನಷ್ಟ. ಎಚ್.ಬಿ.ಎ.೧ಸಿ. ಪರೀಕ್ಷೆಯನ್ನು ತಿಂಗಳು ತಿಂಗಳೂ ಮಾಡಿಸಬೇಕಾಗಿಲ್ಲ. ಸಕ್ಕರೆ ಹತೋಟಿಯಲ್ಲಿದ್ದರೆ ವರ್ಷಕ್ಕೆ ಎರಡು ಸಲ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಸಾಕು. ಒಂದು ಲ್ಯಾಬಿನಲ್ಲಿ ನಂಬಿಕೆ ಬಂದರೆ ಅಲ್ಲಿಯೇ ಮಾಡಿಸುತ್ತಾ ಬನ್ನಿ. ಹಿಂದಿನ ವರದಿಗೆ ಹೋಲಿಸಿ ನೋಡುವುದು ಆಗ ಸುಲಭ.

ಮೂರನೆಯದು ನಮ್ಮ ಸಲಹೆ. ಮುಂದಿನ ಭಾನುವಾರದಿಂದ ಗುರುಮನೆಯಲ್ಲಿ ಒಂದು ನೋಟುಪುಸ್ತಕ ಇಡುತ್ತೇವೆ. ರಕ್ತ ಪರೀಕ್ಷೆ ಮಾಡಿಸಿದವರು ರಸೀದಿ ತನ್ನಿ. ಯುವಜನರು ಪರೀಕ್ಷೆಯ ಹೆಸರು, ತಾರೀಖು, ಸ್ಥಳ, ಬೆಲೆ ಬರೆದುಕೊಳ್ಳಲಿ. ರೋಗಿಯ ಹೆಸರಾಗಲಿ ಫಲಿತಾಂಶವಾಗಲಿ ಬರೆಯುವುದು ಬೇಡ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ದೇವಾಲಯದ ಹಲಗೆಯ ಮೇಲೆ ಹಾಕೋಣ. ಮುಂದೆ ಯಾರೇ ಶಿಬಿರಕ್ಕೆ ಜಾಗ ಕೇಳಿದರೂ ಅವರ ದರಪಟ್ಟಿ ಮೊದಲು ಅದೇ ಹಲಗೆಗೆ ಬರಬೇಕು, ಇಲ್ಲವಾದರೆ ಶಾಮಿಯಾನವಿಲ್ಲ. ೧೯೮೧ರಲ್ಲಿ ಸೇಗೋ ಫ್ಯಾಕ್ಟರಿಗಳ ಮಾಲೀಕರು ಮಧ್ಯವರ್ತಿಗಳ ಕಾಟ ತಾಳಲಾರದೆ ಸೇಲಂನಲ್ಲಿ ಸೇಗೋಸರ್ವ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಹಣವುಳ್ಳವರಿಗೇ ಒಗ್ಗಟ್ಟು ಬೇಕಾಯಿತೆಂದರೆ, ಒಂದು ನೋಟುಪುಸ್ತಕದಷ್ಟು ಒಗ್ಗಟ್ಟು ನಮಗೆ ಭಾರವೇ?

ಆ ಹಿರಿಯರ ಮಾತಿಗೆ ಮರಳುತ್ತೇವೆ. ಮೂರು ಬೆಲೆ ಕಂಡು ಬೇಸರಗೊಂಡ ಅವರು ಕಳೆದ ಎಂಟು ತಿಂಗಳಿಂದ ಪರೀಕ್ಷೆಯನ್ನೇ ಮಾಡಿಸಿಲ್ಲ ಎಂದು ಆಮೇಲೆ ತಿಳಿಯಿತು. ಅವರ ಪಾದದಲ್ಲಿ ಈಗ ಮಾಯದ ಹುಣ್ಣು. ಕಳೆದ ವಾರ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಗೆ ಒಂದು ರೂಪಾಯಿಯೂ ಆಗಲಿಲ್ಲ. ನೋಟುಪುಸ್ತಕದ ಮೊದಲ ಪುಟದಲ್ಲಿ ಅವರ ಮೂರು ರಸೀದಿಗಳ ಕೆಳಗೆ ಈ ನಾಲ್ಕನೆಯದನ್ನೂ ಬರೆಯುತ್ತೇವೆ. ನಿಮ್ಮ ರಸೀದಿಗಳನ್ನು ತನ್ನಿ.