ಅಲ್ಟ್ರಾ ಓಟ, ಹಿಮ್ಮಡಿ ನೋವು ಮತ್ತು 12 ಗಂಟೆಯ ಕೆಲಸ: ಬಿಡುವು ಯಾರ ಹಕ್ಕು?

ಅಲ್ಟ್ರಾ ಮ್ಯಾರಥಾನ್‌ಗೆ ತಯಾರಾಗ್ತಿದೀನಿ ಅಂದ ಕೂಡಲೇ ಜನ ಕೇಳೋ ಮೊದಲ ಪ್ರಶ್ನೆ ಒಂದೇ: ಅಷ್ಟು ನೋವನ್ನ ಹೆಂಗೆ ತಡ್ಕೋತೀರಾ?

ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದಕ್ಕಿಂತ ಉದ್ದದ ಯಾವ ಓಟವಾದರೂ ಅಲ್ಟ್ರಾ. 50 ಕಿ.ಮೀ. ಇರಬಹುದು, 100 ಇರಬಹುದು, ದಕ್ಷಿಣ ಆಫ್ರಿಕಾದಲ್ಲಿ 1921ರಲ್ಲಿ ಶುರುವಾದ ಕಾಮ್ರೇಡ್ಸ್ ಓಟದಂತೆ ಸುಮಾರು 90 ಇರಬಹುದು. ಇಷ್ಟು ದೂರ ಓಡುವವರು ನೋವು ನುಂಗುವುದರಲ್ಲಿ ಪಳಗಿದವರು ಅನ್ನುವುದು ಸಾಮಾನ್ಯ ನಂಬಿಕೆ. ಈ ನಂಬಿಕೆ ಓಟದ ದಾರಿಯಲ್ಲೇ ಉಳಿದಿದ್ದರೆ ತೊಂದರೆ ಇರಲಿಲ್ಲ. ಅದು ಆಫೀಸಿಗೆ ಬಂದಿದೆ, ಫ್ಯಾಕ್ಟರಿಗೆ ಬಂದಿದೆ, ಕೊನೆಗೆ ವಿಧಾನಸೌಧಕ್ಕೂ ಬಂದಿದೆ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ನಾರಾಯಣ ಮೂರ್ತಿ ಹೇಳಿದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಇಬ್ಬರ ಮಾತಿನ ಹಿಂದೆಯೂ ಇದ್ದದ್ದು ಒಂದೇ ಲೆಕ್ಕ: ತಾಳಿಕೊಂಡವನು ಗೆಲ್ಲುತ್ತಾನೆ.

ನನ್ನ ಎಡಗಾಲಿನ ಹಿಮ್ಮಡಿಗೆ ಹದಿನಾಲ್ಕು ತಿಂಗಳಿಂದ ಒಂದು ತಕರಾರಿದೆ. ಆ ತಕರಾರನ್ನು ಜೊತೆಗಿಟ್ಟುಕೊಂಡೇ ಮಲೆನಾಡಿನ ಕಾಫಿ ತೋಟಗಳ ನಡುವಿನ 50 ಕಿ.ಮೀ. ಓಟಕ್ಕೆ ತಯಾರಿ ನಡೆಸಿದ್ದೇನೆ. ಈ ಅವಧಿಯಲ್ಲಿ ನನಗೆ ಸ್ಪಷ್ಟವಾಗಿದ್ದು ಇಷ್ಟು: ದೂರದ ಓಟದಲ್ಲಿ ನೋವು ತಡೆದುಕೊಳ್ಳುವುದು ಸಣ್ಣ ಕೆಲಸ. ದೊಡ್ಡ ಕೆಲಸ ಒಂದು ಭಾರಕ್ಕೂ ಮುಂದಿನ ಭಾರಕ್ಕೂ ನಡುವಿನ ಬಿಡುವನ್ನು ಕಾಯ್ದುಕೊಳ್ಳುವುದು. ಆ ಬಿಡುವು ಯಾರ ಕೈಯಲ್ಲಿದೆ ಅನ್ನೋದು ಮಾತ್ರ ಪಕ್ಕಾ ರಾಜಕೀಯ ಪ್ರಶ್ನೆ.

ಕಬ್ಬಿಣಕ್ಕಿಲ್ಲದ ಗುಣ

ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ದಪ್ಪ ಹಗ್ಗದಂಥದ್ದು ಅಕಿಲಿಸ್ ಟೆಂಡನ್. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಆರರಿಂದ ಎಂಟು ಪಟ್ಟು ಎಳೆತ ಬೀಳುತ್ತದೆ. 50 ಕಿ.ಮೀ. ಓಟದಲ್ಲಿ ಹೆಜ್ಜೆಗಳು ಹತ್ತಾರು ಸಾವಿರ. ನನ್ನ ತಕರಾರು ಇರುವುದು ಅಲ್ಲೇ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ಬಿಗಿ, ಆಮೇಲೆ ಸಡಿಲ. ಓಡುವಾಗ ಮೊದಲ ಎರಡು ಕಿ.ಮೀ. ಗೊಣಗಾಟ, ಆಮೇಲೆ ಮೌನ. ಪೂರ್ತಿ ಹೋಗಲ್ಲ, ಪೂರ್ತಿ ಕೆಡೋದೂ ಇಲ್ಲ. ಇದು ನನ್ನೊಬ್ಬನ ಕತೆಯೇನಲ್ಲ. ಅಮೆರಿಕದ ಸಂಶೋಧಕರು ಸಾವಿರದ ಇನ್ನೂರಕ್ಕೂ ಹೆಚ್ಚು ಅಲ್ಟ್ರಾ ಓಟಗಾರರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ಗಾಯದಿಂದ ತರಬೇತಿ ತಪ್ಪಿಸಿಕೊಂಡವರು ಮೂವರಲ್ಲಿ ಸುಮಾರು ಇಬ್ಬರು.

ಇಂಜಿನಿಯರಿಂಗ್ ಓದಿದವರಿಗೆ ಎಸ್-ಎನ್ ಕರ್ವ್ ನೆನಪಿರಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ರೈಲಿನ ಅಚ್ಚುಗಳು, ತಾವು ಹೊರಬಲ್ಲ ತೂಕಕ್ಕಿಂತ ಕಡಿಮೆ ತೂಕದಲ್ಲೇ ಮುರಿಯುತ್ತಿದ್ದವು. ಜರ್ಮನಿಯ ಆಗಸ್ಟ್ ವೋಲರ್ ಅದನ್ನು ಪರೀಕ್ಷಿಸಿ ತೋರಿಸಿದ ವಿಷಯ ಸರಳ: ಲೋಹವನ್ನು ಮುರಿಯಲು ಒಂದೇ ದೊಡ್ಡ ಏಟು ಬೇಕಿಲ್ಲ, ಸಣ್ಣ ಏಟು ಸಾಕಷ್ಟು ಸಲ ಬಿದ್ದರೂ ಸಾಕು. ಇದಕ್ಕೆ ನಾವು 'ಫೆಟೀಗ್' ಅಂತೀವಿ, ಅಂದರೆ ಆಯಾಸ. ಲೋಹಕ್ಕೂ ಮೈಗೂ ಅದೇ ಪದ.

ಆದರೆ ಟೆಂಡನ್‌ಗೆ ಕಬ್ಬಿಣಕ್ಕಿಲ್ಲದ ಒಂದು ಗುಣವಿದೆ. ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ. ಜೋರು ವ್ಯಾಯಾಮದ ನಂತರ ಮೊದಲ 24ರಿಂದ 36 ಗಂಟೆ ಟೆಂಡನ್‌ನಲ್ಲಿ ಕೊಲಾಜನ್ ಕಟ್ಟೋದಕ್ಕಿಂತ ಕಳಚೋದೇ ಹೆಚ್ಚು. ಅದು ಕಳೆದ ಮೇಲೆ ಲೆಕ್ಕ ತಿರುಗುತ್ತದೆ, ಮೊದಲಿಗಿಂತ ಗಟ್ಟಿಯಾಗುತ್ತದೆ. ಆ ಹೊತ್ತಿನೊಳಗೇ ಮತ್ತೆ ಅಷ್ಟೇ ಭಾರ ಹಾಕಿದರೆ ಕಳಚುವ ಕೆಲಸ ಮಾತ್ರ ಮುಂದುವರಿಯುತ್ತದೆ. ಹಾಗಂತ ಪೂರ್ತಿ ಮಲಗಿದರೂ ಅದು ಸೊರಗುತ್ತದೆ. ಟೆಂಡನ್‌ಗೆ ಭಾರವೂ ಬೇಕು, ಭಾರದ ನಡುವೆ ಬಿಡುವೂ ಬೇಕು.

ನನ್ನ ತರಬೇತಿ ಪಟ್ಟಿ ಈಗ ಇರುವುದು ಈ ಲೆಕ್ಕದ ಮೇಲೆ. ಸೋಮವಾರ ಏನೂ ಇಲ್ಲ. ಮಂಗಳವಾರ ನಿಧಾನದ ಎಂಟು ಕಿ.ಮೀ., ಪಕ್ಕದವರ ಜೊತೆ ಹರಟುತ್ತಾ ಓಡುವಷ್ಟು ನಿಧಾನ. ಬುಧವಾರ ಭಾರ ಎತ್ತುವ ವ್ಯಾಯಾಮ. ಗುರುವಾರದ ದಿಬ್ಬ ಹತ್ತುವ ಓಟವನ್ನು ಸೈಕಲ್ಲಿಗೆ ಬದಲಾಯಿಸಿದ್ದೇನೆ, ಏರು ಹತ್ತುವಾಗ ಹಿಮ್ಮಡಿ ಹೆಚ್ಚು ಎಳೆಯುತ್ತದೆ. ಶನಿವಾರ ಉದ್ದದ ಓಟ. ಪ್ರತಿ ನಾಲ್ಕನೇ ವಾರ ಒಟ್ಟು ದೂರದಲ್ಲಿ ಮೂರನೇ ಒಂದು ಭಾಗ ಕಡಿತ. ಓಟಕ್ಕೆ ಮುಂಚಿನ ಎರಡು ವಾರ ಇನ್ನೂ ಕಡಿಮೆ. ನೋವಿಗೂ ಒಂದು ಪುಸ್ತಕ ಇಟ್ಟಿದ್ದೇನೆ. ಸ್ವೀಡನ್ನಿನ ಫಿಸಿಯೋಥೆರಪಿ ಸಂಶೋಧಕರು ರೂಪಿಸಿದ ಸೂತ್ರ ಅದು: ಹತ್ತರಲ್ಲಿ ಐದರವರೆಗಿನ ನೋವಿದ್ದರೆ ವ್ಯಾಯಾಮ ಮುಂದುವರಿಸಬಹುದು, ಆದರೆ ಮರುದಿನ ಬೆಳಿಗ್ಗೆಯೊಳಗೆ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಇಳಿಯದಿದ್ದರೆ ಅವತ್ತಿನ ಓಟ ರದ್ದು. ಯಾರನ್ನೂ ಕೇಳಬೇಕಿಲ್ಲ.

ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಯಾರನ್ನೂ ಕೇಳಬೇಕಿಲ್ಲ.

ರಜೆ ಸಿಗದ ಡಾಕ್ಟರ್

ಹಿಮ್ಮಡಿ ನೋವಿಗೆ ಇವತ್ತು ಜಗತ್ತಿನಾದ್ಯಂತ ಹೇಳಿಕೊಡುವ ಒಂದು ವ್ಯಾಯಾಮವಿದೆ. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗೆ ಇಳಿಸುವುದು. ದಿನಕ್ಕೆ 180 ಸಲ, 12 ವಾರ. ಇದನ್ನು 1998ರಲ್ಲಿ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಪ್ರಯೋಗಿಸಿ ಪ್ರಕಟಿಸಿದವರು ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್ಸನ್. ಅವರೇ ಹೇಳಿಕೊಂಡಿರುವ ಹಿನ್ನೆಲೆ ಇನ್ನೂ ಸ್ವಾರಸ್ಯ. ಸ್ವತಃ ಓಟಗಾರರಾದ ಅವರಿಗೆ ಹಿಮ್ಮಡಿ ನೋವಿತ್ತು. ಆಪರೇಷನ್ ಮಾಡಿ ಎಂದು ಮೇಲಿನವರನ್ನು ಕೇಳಿದರೆ, ನೀನು ವಾರಗಟ್ಟಲೆ ರಜೆ ಹಾಕಿದರೆ ಇಲ್ಲಿ ಕೆಲಸ ನಡೆಯಲ್ಲ ಎಂದು ನಿರಾಕರಿಸಿದರಂತೆ. ಟೆಂಡನ್ ಹರಿದೇ ಹೋದರೆ ಆಪರೇಷನ್ ಮಾಡಲೇಬೇಕಲ್ಲ ಅಂತ ಅವರು ಬೇಕಂತಲೇ ಅದರ ಮೇಲೆ ವಿಪರೀತ ಭಾರ ಹಾಕತೊಡಗಿದರು. ಹರಿಯುವ ಬದಲು ಅದು ವಾಸಿಯಾಯಿತು.

ಈ ಕತೆಯನ್ನು ಓಟಗಾರರು ನಗುತ್ತಾ ಹೇಳಿಕೊಳ್ಳುತ್ತಾರೆ. ನನಗೆ ಇದರಲ್ಲಿ ಕಾಣೋದು ಬೇರೆ. ಸ್ವೀಡನ್ನಿನಂಥ ದೇಶದಲ್ಲಿ, ಒಬ್ಬ ಸರ್ಜನ್‌ಗೂ, ತನ್ನ ಕಾಲಿಗೆ ಎಷ್ಟು ದಿನ ವಿಶ್ರಾಂತಿ ಅನ್ನೋದನ್ನ ತೀರ್ಮಾನಿಸೋಕೆ ಮೇಲಿನವರ ಒಪ್ಪಿಗೆ ಬೇಕಾಯಿತು. ಹಾಗಿದ್ದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಪೆಡಲ್ ತುಳಿಯುವವರ ಕತೆ ಏನು?

ಮಾತ್ರೆ ನುಂಗಿ ಮುಂದಕ್ಕೆ

ಓಟದ ದಾರಿಯಲ್ಲಿ ನೋವು ನುಂಗುವುದಕ್ಕೆ ಒಂದು ಸುಲಭದ ಉಪಾಯವಿದೆ: ಐಬುಪ್ರೊಫೆನ್ ಮಾತ್ರೆ. 2017ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಸುಮಾರು 80 ಕಿ.ಮೀ. ಓಡಿದ 89 ಅಲ್ಟ್ರಾ ಓಟಗಾರರಲ್ಲಿ ಕೆಲವರಿಗೆ ಈ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಗುಳಿಗೆ ಕೊಡಲಾಯಿತು. ಮೂತ್ರಪಿಂಡಕ್ಕೆ ಪೆಟ್ಟಾದ ಲಕ್ಷಣ ಕಂಡದ್ದು ಗುಳಿಗೆಯವರಲ್ಲಿ 34%, ಮಾತ್ರೆಯವರಲ್ಲಿ 52%. ಅನುಭವಿ ಓಟಗಾರರು ಈಗ ಓಟದ ದಿನ ಈ ಮಾತ್ರೆಯಿಂದ ದೂರ ಇರಿ ಅಂತಲೇ ಹೇಳೋದು. ನೋವು ಮೈ ಕಳಿಸುವ ಸುದ್ದಿ. ಸುದ್ದಿಯನ್ನು ಅದುಮಿದರೆ ಪೆಟ್ಟು ನಿಲ್ಲಲ್ಲ.

ನಮ್ಮ ಬಡಾವಣೆಯ ಮೆಡಿಕಲ್ ಶಾಪ್ ಮುಂದೆ ರಾತ್ರಿ ಹತ್ತರ ಹೊತ್ತಿಗೆ ನಿಂತರೆ ಇದೇ ಮಾತ್ರೆಗಳನ್ನು ಬಿಡಿಬಿಡಿಯಾಗಿ ಕೊಳ್ಳುವವರು ಕಾಣುತ್ತಾರೆ. ಬೆನ್ನಿನ ಮೇಲೆ ಚೌಕದ ಚೀಲ, ಕೈಯಲ್ಲಿ ಎರಡು ಮಾತ್ರೆ, ಬೈಕ್ ಸ್ಟಾರ್ಟ್. ಅವರಲ್ಲೊಬ್ಬ ರಾಯಚೂರಿನ ಕಡೆಯ ಹುಡುಗ. ಲಿಫ್ಟ್ ಬಳಸಲು ಬಿಡದ ಅಪಾರ್ಟ್‌ಮೆಂಟ್‌ಗಳಲ್ಲಿ ಮೆಟ್ಟಿಲು ಹತ್ತಿ ಇಳಿದು ಹಿಮ್ಮಡಿ ಹಿಡಿದುಕೊಂಡಿದೆ ಎಂದ. ಅವನು ಬೆರಳಿಟ್ಟು ತೋರಿಸಿದ ಜಾಗ ನನ್ನ ನೋವಿನ ಜಾಗವೇ. ಒಂದು ವಾರ ಬೈಕ್ ನಿಲ್ಲಿಸಿದರೆ ಆ ವಾರದ ಇನ್ಸೆಂಟಿವ್ ಹೋಗುತ್ತದೆ, ಆದರೆ ಬೈಕಿನ ಕಂತು ನಿಲ್ಲಲ್ಲ ಎಂದೂ ಹೇಳಿದ. ನನಗೆ ಸಲಕ್ಕೆ 800 ರೂಪಾಯಿ ತೆತ್ತು ಫಿಸಿಯೋ ಹತ್ತಿರ ಹೋಗುವ ಅನುಕೂಲವಿದೆ. ಅದಕ್ಕಿಂತ ದೊಡ್ಡ ಅನುಕೂಲ ಗುರುವಾರದ ಓಟವನ್ನು ಕೈಬಿಡುವ ಸ್ವಾತಂತ್ರ್ಯ. ಅವನ ಗುರುವಾರ ಆ್ಯಪ್‌ನ ಕೈಯಲ್ಲಿದೆ.

ಈ ವ್ಯತ್ಯಾಸವನ್ನು ಕಾನೂನು ಕಡಿಮೆ ಮಾಡಬೇಕಿತ್ತು. ಆಗ್ತಿರೋದು ಹೆಚ್ಚಾಗಿ ಉಲ್ಟಾ. 2023ರಲ್ಲಿ ಆಗಿನ ಬಿಜೆಪಿ ಸರ್ಕಾರ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ದಿನದ ಪಾಳಿಯನ್ನು 12 ಗಂಟೆವರೆಗೆ ಎಳೆಯಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 145ಕ್ಕೆ ಏರಿಸಿತು. ಸರ್ಕಾರ ಬದಲಾಯಿತು, ಲೆಕ್ಕ ಬದಲಾಗಲಿಲ್ಲ. 2024ರಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಒಯ್ಯುವ ಪ್ರಸ್ತಾಪ ಬಂತು. ವಿರೋಧ ಎದ್ದಿತು. 2025ರ ಜೂನ್‌ನಲ್ಲಿ ಇನ್ನೊಂದು ರೂಪದಲ್ಲಿ ವಾಪಸ್ ಬಂತು: ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ ಇದ್ದದ್ದು 12, ಮೂರು ತಿಂಗಳಿಗೆ 50 ಗಂಟೆ ಇದ್ದ ಓವರ್‌ಟೈಮ್ 144. ಐಟಿ ನೌಕರರ ಸಂಘ ಕೆಐಟಿಯು ಮತ್ತೆ ಪ್ರತಿಭಟಿಸಬೇಕಾಯಿತು.

ಈ 12 ಗಂಟೆಯನ್ನು ಒಬ್ಬ ಓಟಗಾರ ಹೇಗೆ ಓದುತ್ತಾನೆ ಹೇಳ್ತೀನಿ. ಕಾಮ್ರೇಡ್ಸ್ ಓಟ ಮುಗಿಸಲು ಕೊಡುವ ಗರಿಷ್ಠ ಸಮಯವೂ 12 ಗಂಟೆ. ಆ ಒಂದು ದಿನಕ್ಕಾಗಿ ಜನ ತಿಂಗಳುಗಟ್ಟಲೆ ತಯಾರಾಗ್ತಾರೆ, ಮುಗಿದ ಮೇಲೆ ವಾರಗಟ್ಟಲೆ ಸುಧಾರಿಸಿಕೊಳ್ತಾರೆ. ವರ್ಷಕ್ಕೆ ಒಂದು ಸಲ ನಡೆಯುವ ಅಗ್ನಿಪರೀಕ್ಷೆಯ ಅಳತೆಯನ್ನು ನಾವು ಮಾಮೂಲಿ ಮಂಗಳವಾರದ ಮಿತಿಯಾಗಿ ಬರೆಯಲು ಹೊರಟಿದ್ದೇವೆ. ಐಟಿ ಕಂಪನಿಗಳಲ್ಲಿ ಎರಡು ವಾರದ ಕೆಲಸಕ್ಕೆ 'ಸ್ಪ್ರಿಂಟ್' ಎಂದು ಹೆಸರು. ಒಂದು ಸ್ಪ್ರಿಂಟ್ ಮುಗಿದ ಮರುದಿನವೇ ಇನ್ನೊಂದು ಶುರು, ವರ್ಷವಿಡೀ. ಜಗತ್ತಿನ ಯಾವ ಕೋಚ್ ಕೂಡ ಹಾಗೆ ಓಡಿಸಲ್ಲ.

ಇದರ ಬೆಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಲೆಕ್ಕ ಹಾಕಿವೆ. ವಾರಕ್ಕೆ 55 ಗಂಟೆ ಮೀರಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. 2016ರ ಒಂದೇ ವರ್ಷದಲ್ಲಿ ಇಂಥ ದುಡಿಮೆಗೆ ಬಲಿಯಾದವರು ಸುಮಾರು 7.45 ಲಕ್ಷ ಜನ ಎಂದು ಆ ಅಂದಾಜು ಹೇಳುತ್ತದೆ.

ಹವ್ಯಾಸಕ್ಕೂ ದುಡಿಮೆಗೂ ಏನು ಸಂಬಂಧ?

ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ದುಬಾರಿ ಶೂ ಹಾಕಿ ಕಾಫಿ ತೋಟದಲ್ಲಿ ಓಡುವವನ ಹಿಮ್ಮಡಿಯನ್ನೂ ಹೊಟ್ಟೆಪಾಡಿಗೆ ಮೆಟ್ಟಿಲು ಹತ್ತುವವನ ಹಿಮ್ಮಡಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದಾ? ಖಂಡಿತ ಇಲ್ಲ. ನಾನು ಹೇಳುತ್ತಿರುವುದೂ ಅದನ್ನೇ. ಟೆಂಡನ್ ಒಂದೇ, ಅದರ ರಿಪೇರಿಗೆ ಬೇಕಾದ ಗಂಟೆಗಳೂ ಅಷ್ಟೇ. ಆ ಗಂಟೆಗಳನ್ನು ಕೊಂಡುಕೊಳ್ಳುವ ಶಕ್ತಿ ಮಾತ್ರ ಒಂದೇ ಅಲ್ಲ. ಹೆಚ್ಚು ದುಡಿದು ಹೆಚ್ಚು ಗಳಿಸಲು ಕಾರ್ಮಿಕರೇ ಬಯಸುತ್ತಾರಲ್ಲ ಎಂಬ ಇನ್ನೊಂದು ವಾದವಿದೆ. ಹತ್ತು ಗಂಟೆಯ ಸಂಬಳದಲ್ಲಿ ಮನೆ ನಡೆದರೆ ಎಷ್ಟು ಜನ ಹನ್ನೆರಡನೇ ಗಂಟೆಯನ್ನು ಬಯಸುತ್ತಾರೆ ಎಂದು ಅವರನ್ನೇ ಕೇಳಿ ನೋಡಬೇಕು.

ಹಾಗಂತ ದಾರಿಯೇ ಇಲ್ಲ ಎಂದಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ ಕಾಯಿಲೆ ಬಿದ್ದರೆ ಸಂಬಳದ 70% ಮೊತ್ತ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ದಶಕಗಳಿಂದ ಇರುವ ವ್ಯವಸ್ಥೆ ಇದು. ಮೈಗೆ ಬಿಡುವು ಬೇಕು, ಬಿಡುವಿಗೆ ದುಡ್ಡು ಬೇಕು ಎಂಬ ಅರಿವು ನಮ್ಮ ಕಾನೂನಿಗೆ ಹೊಸದೇನಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ವಲಯಕ್ಕೂ ಸೇರಿಸಿ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟದ್ದೂ ಇದೇ ಅರಿವಿನಿಂದ.

ಗಿಗ್ ಕಾರ್ಮಿಕರ ವಿಷಯದಲ್ಲಿ ಇದೇ ಸರ್ಕಾರ 2025ರಲ್ಲಿ ಒಂದು ಒಳ್ಳೆಯ ಕಾಯ್ದೆ ತಂದಿದೆ. ಕಾರ್ಮಿಕರ ನೋಂದಣಿ, ಕಲ್ಯಾಣ ಮಂಡಳಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿಗಳಿಂದ 1ರಿಂದ 5% ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸ್ ಅದರಲ್ಲಿವೆ. ಅಪಘಾತವಾದರೆ ಪರಿಹಾರ ಕೊಡುವ ಬಗ್ಗೆ ನಮ್ಮಲ್ಲಿ ಮಾತಾಡೋದು ಸುಲಭ. ಅಪಘಾತಕ್ಕೆ ಎಫ್‌ಐಆರ್ ಇರುತ್ತದೆ, ಆಸ್ಪತ್ರೆ ಬಿಲ್ಲು ಇರುತ್ತದೆ. ಹದಿನಾಲ್ಕು ತಿಂಗಳಿಂದ ಗೊಣಗುವ ಹಿಮ್ಮಡಿಗೆ, ಕಟ್ಟಿಕೊಂಡ ಸೊಂಟಕ್ಕೆ, ಮರಗಟ್ಟುವ ಮಣಿಕಟ್ಟಿಗೆ ಎಫ್‌ಐಆರ್ ಇಲ್ಲ. ಆ್ಯಪ್ ಕಾರ್ಮಿಕರಲ್ಲಿ ಹೆಚ್ಚಿನ ನೋವು ಇಂಥದ್ದೇ.

ಹಾಗಾಗಿ ಮಂಡಳಿಯ ಯೋಜನೆಗಳಲ್ಲಿ ಮೊದಲು ಬರಬೇಕಾದ್ದು ಸಂಬಳ ಸಹಿತ ಅನಾರೋಗ್ಯ ರಜೆ. ಶುಲ್ಕದ ಹಣದಿಂದ ವರ್ಷಕ್ಕೆ ಇಂತಿಷ್ಟು ದಿನದ ಗಳಿಕೆ ತುಂಬಿಕೊಡುವ ಪದ್ಧತಿ, ಆ ದಿನಗಳಿಗಾಗಿ ರೇಟಿಂಗ್ ಇಳಿಸಬಾರದು, ಇನ್ಸೆಂಟಿವ್ ಕತ್ತರಿಸಬಾರದು ಎಂಬ ನಿಯಮ. ಎರಡನೆಯದು, 12 ಗಂಟೆ ಮತ್ತು 144 ಗಂಟೆಯ ಪ್ರಸ್ತಾಪವನ್ನು ಮೂರನೇ ರೂಪದಲ್ಲಿ ತರುವುದಿಲ್ಲ ಎಂದು ಕಾರ್ಮಿಕ ಇಲಾಖೆ ಬರಹದಲ್ಲಿ ಹೇಳಬೇಕು. ಮೂರನೆಯದು, ಫ್ಯಾಕ್ಟರಿಗಳ 145ನ್ನು ಮತ್ತೆ 75ಕ್ಕೆ ಇಳಿಸಬೇಕು. ವಿರೋಧ ಪಕ್ಷದಲ್ಲಿದ್ದಾಗ ಕಾರ್ಮಿಕರ ಪರ ಮಾತಾಡಿದವರಿಗೆ ಇದು ಕಷ್ಟದ ಕೆಲಸ ಆಗಬಾರದು.

2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆ ಓಟದ ಚಾಂಪಿಯನ್‌ಷಿಪ್ ನಡೆಯಿತು. ಭಾರತದ ಅಮರ್ ಸಿಂಗ್ ದೇವಂದಾ 258.418 ಕಿ.ಮೀ. ಓಡಿ ಗೆದ್ದರು. ತಾಳಿಕೆಗೆ ಉದಾಹರಣೆ ಬೇಕಿದ್ದರೆ ಇದಕ್ಕಿಂತ ದೊಡ್ಡದು ಬೇಡ. ಆದರೆ ಇಂಥ ಓಟದಲ್ಲೂ ನಡೆಯಬಹುದು, ಕೂರಬಹುದು, ತಿನ್ನಬಹುದು, ಬೇಕೆನಿಸಿದರೆ ಹೊರಗೆ ಬರಬಹುದು. ಯಾವಾಗ ನಿಲ್ಲಬೇಕು ಅನ್ನೋದನ್ನ ಕೊನೆಗೂ ತೀರ್ಮಾನಿಸೋದು ಓಡುವವನೇ. ದುಡಿಯುವವರಿಗೆ ಅಲ್ಟ್ರಾ ಓಟದ ಉದಾಹರಣೆ ಕೊಡೋ ಮುಂಚೆ, ಆ ಓಟದ ಈ ಒಂದು ನಿಯಮವನ್ನು ಮೊದಲು ಅವರಿಗೆ ಕೊಡಿ.