ಸಾಹೇಬರ ಮಗುವಿಗೆ ಶಾಲೆ, ಕೂಲಿಯವನ ಮಗುವಿಗೆ?

ಬೆಂಗಳೂರಿನ ಸುತ್ತಲಿನ ಜಪಾನೀ ಕಂಪನಿಗಳಿಗೆ ಕೆಲಸಕ್ಕೆಂದು ಬಂದಿರುವ ಅಧಿಕಾರಿಗಳು, ಇಂಜಿನಿಯರುಗಳು ಕೆಲವು ವರ್ಷವಿದ್ದು ತಾಯ್ನಾಡಿಗೆ ಮರಳುವವರು. ಅಂಥವರ ಮಕ್ಕಳು ತಮ್ಮ ನುಡಿಯನ್ನು ಮರೆಯಬಾರದೆಂದು ನಗರದಲ್ಲಿ ಜಪಾನೀ ಪೂರಕ ಶಾಲೆಯಿದೆ. ದೆಹಲಿ, ಮುಂಬಯಿಗಳಲ್ಲಿ ಪೂರ್ಣಾವಧಿ ಶಾಲೆಗಳೇ ಇವೆ. ಹೊರದೇಶದಲ್ಲಿರುವ ತನ್ನ ಮಕ್ಕಳಿಗೆ ಜಪಾನ್ ಸರ್ಕಾರ ಪಠ್ಯಪುಸ್ತಕಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಪೂರ್ಣಾವಧಿ ಶಾಲೆಗಳಿಗೆ ಉಪಾಧ್ಯಾಯರನ್ನೂ ಕಳುಹಿಸುತ್ತದೆ.

ಇದನ್ನು ಕಂಡು ನಮಗೆ ಹೊಟ್ಟೆಕಿಚ್ಚಿಲ್ಲ. ಯಾರ ಮಗುವಾದರೂ ಮಗುವೇ. ನಾವು ಕೇಳುವುದಿಷ್ಟೆ: ಸಾಹೇಬರ ಮಗುವಿನ ಹಿಂದೆ ಸಮುದ್ರ ದಾಟಿ ಬರುವ ಶಾಲೆ, ಕೂಲಿಯವನ ಮಗುವಿನ ಹಿಂದೆ ರಸ್ತೆಯನ್ನೂ ದಾಟದೇಕೆ?

ನಮ್ಮ ಆನೇಕಲ್ ತಾಲ್ಲೂಕನ್ನೇ ನೋಡಿ. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಗಳಲ್ಲಿ ಕಾರ್ಖಾನೆ ನಡೆಸುವ, ಕಟ್ಟಡ ಎಬ್ಬಿಸುವ ಕೈಗಳು ಒಡಿಶಾ, ಬಿಹಾರಗಳಿಂದ, ನಮ್ಮದೇ ರಾಯಚೂರು, ಯಾದಗಿರಿಗಳಿಂದ ಬಂದವು. ಕಟ್ಟಡ ಮುಗಿದರೆ ತಗಡಿನ ಶೆಡ್ಡು ಕಿತ್ತು ಮುಂದಿನ ಊರು. ಒಡಿಯಾ ಮನೆಮಾತಿನ ಮಗು ಇಲ್ಲಿಯ ತರಗತಿಯಲ್ಲಿ ನಾಲ್ಕು ದಿನ ಮೂಕನಂತೆ ಕೂತು, ಐದನೆಯ ದಿನ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಶೆಡ್ಡಿನಲ್ಲೇ ಉಳಿಯುತ್ತದೆ.

ಕಾನೂನಿಗೆ ಕೊರತೆಯಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂಬ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿತು. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹಿಂದಕ್ಕೆ ಅಟ್ಟಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹಣಕ್ಕೂ ದಾರಿಯಿದೆ: ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದೇ ವಸೂಲಾಗುತ್ತದೆ. ಇಲ್ಲದಿರುವುದು ಮನಸ್ಸು.

ಪರಊರಿನ ಕಷ್ಟ ಕನ್ನಡಿಗರಿಗೆ ಹೊಸದಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದ ನಮ್ಮ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಅಲ್ಲಿ ನಾವು ಪಡೆದದ್ದನ್ನು ಇಲ್ಲಿ ಬಂದವರಿಗೆ ಇಲ್ಲವೆನ್ನಬಹುದೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಶೆಡ್ಡುಗಳ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಎಲ್ಲರೊಡನೆ ಕನ್ನಡ ಕಲಿಯಲಿ. ವಾರಕ್ಕೊಂದು ದಿನ ಅವರ ತಾಯ್ನುಡಿ ಬಲ್ಲ ಉಪಾಧ್ಯಾಯರಿಂದ ಪಾಠವಾಗಲಿ. ಊರು ಬಿಟ್ಟರೆ ದಾಖಲೆ ಮಗುವಿನ ಜೊತೆಯಲ್ಲೇ ಹೋಗಲಿ.

ಕಾರ್ಮಿಕ ಬಂಧುಗಳೇ, ಅಂಗಡಿಯ ಮಿತ್ರರೇ, ಈ ಮಕ್ಕಳು ದಿನವೂ ನಿಮ್ಮ ಕಣ್ಣಿಗೆ ಬೀಳುತ್ತಾರೆ. ನಿಮ್ಮ ಬೀದಿಯಲ್ಲಿ ಶಾಲೆ ಬಿಟ್ಟವರೆಷ್ಟು ಮಂದಿ ಎಂದು ಎಣಿಸಿರಿ. ಕೈಹಿಡಿದು ಶಾಲೆಯ ಬಾಗಿಲಿಗೆ ಕರೆದೊಯ್ಯಿರಿ. ಬಾಗಿಲು ತೆರೆಯದಿದ್ದರೆ ಕಾನೂನಿನ ಹೆಸರಿನಲ್ಲಿ ತಟ್ಟೋಣ, ನಾವೂ ಜೊತೆಗಿರುತ್ತೇವೆ.