‘ಇವತ್ತು ಬೇಡ’ ಅನ್ನುವ ತಾಂಡೇಲನಿಗೂ ದುಡ್ಡು ಕೊಡಿ

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ಬೆಂಗಳೂರಿನ ಆಫೀಸ್ ಗ್ರೂಪ್‌ಗಳಲ್ಲಿ ಒಂದು ಪ್ರಶ್ನೆ ಗ್ಯಾರಂಟಿ: “ಪ್ರೈವೇಟ್ ಬೋಟ್ ಸಿಗತ್ತಾ?” ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಎಲ್ಲರ ಜೊತೆ ಹೋಗುವ ಬೋಟು ಬೇಡ. ಅಲ್ಲಿ ಕ್ಯೂ ಇರತ್ತೆ, ಸೆಕೆ ಇರತ್ತೆ, ಯಾರದೋ ಮಗು ಅಳ್ತಿರತ್ತೆ. ಗೋಕರ್ಣದ ಓಂ ಬೀಚಿನಲ್ಲೋ ಕಾರವಾರದಲ್ಲೋ ಮುರುಡೇಶ್ವರದಲ್ಲೋ ನಮಗೇ ಅಂತ ಒಂದು ಬೋಟು, ನಮ್ಮದೇ ಸ್ಪೀಕರು, ನಮ್ಮದೇ ಟೈಮು. ಆಸೆಯೇನೋ ತಪ್ಪಲ್ಲ. ವಾರವಿಡೀ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಲ್ಲಿ ಕೂತವನಿಗೆ ಖಾಲಿ ಕಡಲು ಕಂಡರೆ ಯಾಕೆ ಆಸೆಯಾಗಬಾರದು?

ನನ್ನ ತಕರಾರು ಬೇರೆ. ಇಡೀ ಬೋಟು ಬಾಡಿಗೆಗೆ ಹಿಡಿದವರು ಅದರ ಜೊತೆಗೆ ಬೋಟಿನ ಎಲ್ಲ ನಿರ್ಧಾರಗಳನ್ನೂ ಕೊಂಡುಕೊಂಡೆವು ಅಂದುಕೊಂಡಿದ್ದಾರೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಜನ ಹತ್ತಬೇಕು, ಜಾಕೆಟ್ ಹಾಕಬೇಕೋ ಬೇಡವೋ, ಎಷ್ಟು ದೂರ ಹೋಗಬೇಕು, ಎಲ್ಲ ‘ಕಸ್ಟಮರ್ ಇಷ್ಟ’. ದಡದಲ್ಲಿ ಗ್ರಾಹಕನೇ ದೇವರು ಅನ್ನೋದು ಸರಿ ಇರಬಹುದು. ನೀರಿನ ಮೇಲೆ ಆ ಮಾತು ನಡೆಯಲ್ಲ. ಅಲ್ಲಿ ತಾಂಡೇಲನ ಮಾತೇ ಕೊನೆಯ ಮಾತು. ಹಾಗೆ ಆಗದೇ ಇರೋದೇ ನಮ್ಮ ಕರಾವಳಿಯ ಖಾಸಗಿ ಬೋಟ್ ಟ್ರಿಪ್ಪುಗಳ ನಿಜವಾದ ರೋಗ.

ಒಂದು ಉದಾಹರಣೆ ನೋಡಿ. ಬುಕಿಂಗ್ ಬೆಳಿಗ್ಗೆ ಎಂಟಕ್ಕೆ. ರಾತ್ರಿ ಪಾರ್ಟಿ ಮುಗಿಸಿ ಮಲಗಿದ ತಂಡ ಬರೋದು ಹನ್ನೊಂದೂವರೆಗೆ. ನಮಗೆ ಅದು ಬರೀ ಮೂರೂವರೆ ಗಂಟೆ ಲೇಟು. ಕಡಲಿಗೆ ಅದು ಬೇರೆಯೇ ದಿನ. ಬಿಸಿಲೇರಿದ ಹಾಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಕನ್ನಡಿ ಹಾಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ತೆರೆ ಎತ್ತೋದು ಇದಕ್ಕೇ. ಇನ್ನು ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಬರೋದಿದ್ದರೆ ಕಷ್ಟ ಇನ್ನೂ ಜಾಸ್ತಿ. ಇಳಿತದ ನೀರು ರಭಸದಿಂದ ಹೊರಗೆ ಹರಿಯುವಾಗ ಎದುರಿನಿಂದ ಗಾಳಿ ಬೀಸಿದರೆ ತೆರೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ. ಹೊಳೆಯುವ ಬಿಸಿಲು, ನೀಲಿ ಆಕಾಶ ನೋಡಿ ‘ವೆದರ್ ಸೂಪರ್’ ಅನ್ನುವವರಿಗೆ ಇದು ಕಾಣೋದಿಲ್ಲ. ತಾಂಡೇಲನಿಗೆ ಕಾಣತ್ತೆ. “ಗಾಳಿ ಉಂಟು ಸರ್, ಇವತ್ತು ಬೇಡ” ಅಂತಾನೆ. ಆಗ ಶುರುವಾಗತ್ತೆ ನಮ್ಮ ವರಾತ: “ಅಣ್ಣ, ಅಡ್ವಾನ್ಸ್ ಕೊಟ್ಟಿದೀವಿ. ಅಷ್ಟು ದೂರದಿಂದ ಬಂದಿದೀವಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ.”

ಈ ‘ಅಡ್ಜಸ್ಟ್’ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ವಾಪಸಾಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕತ್ತಲಾದ ಮೇಲೂ ಓಡಿದ ಪ್ರವಾಸಿ ಬೋಟು ಮಗುಚಿ 22 ಜನ ಹೋದರು. ಅದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ಬೋಟು, ಅದರಲ್ಲಿದ್ದವರು ಮಿತಿಗಿಂತ ಜಾಸ್ತಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಕೆರೆಯಲ್ಲಿ 45 ಜನ ಮುಳುಗಿದ್ದು ಸರ್ಕಾರಿ ನಿಗಮದ ಹೊಸ ಬೋಟಿನಲ್ಲಿ. ದಡದಲ್ಲಿದ್ದ ಕಾಡುಪ್ರಾಣಿ ನೋಡೋಕೆ ಪ್ರವಾಸಿಗರು ಒಂದೇ ಬದಿಗೆ ಸರಿದದ್ದೂ ಆಗ ಹೇಳಿದ ಕಾರಣಗಳಲ್ಲಿ ಒಂದು. ಒಂದು ಜಾತ್ರೆ ದೋಣಿ, ಒಂದು ಖಾಸಗಿ ಬೋಟು, ಒಂದು ಸರ್ಕಾರಿ ಬೋಟು. ಮೂರೂ ಕಡೆ ಜನ ಹೋಗಿದ್ದು ಖುಷಿಯಾಗಿ ಒಂದು ದಿನ ಕಳೆಯೋಕೆ.

ಇಲ್ಲಿ ಎರಡು ವಾದ ಬರುತ್ತವೆ. ಮೊದಲನೆಯದು, “ನನ್ನ ಜೀವ, ನನ್ನ ರಿಸ್ಕು. ನಿಮಗೇನು?” ಕೇಳೋಕೆ ಚೆನ್ನಾಗಿದೆ. ಆದರೆ ನೀವು ನೀರಿಗೆ ಬಿದ್ದಾಗ ಮೊದಲು ಹಾರುವವನು ಆ ಬೋಟಿನ ಹುಡುಗ. ಆಮೇಲೆ ಬರುವವರು ಬಲೆ ಬಿಟ್ಟು ಓಡಿಬರುವ ಅಕ್ಕಪಕ್ಕದ ದೋಣಿಯವರು, ಲೈಫ್‌ಗಾರ್ಡು, ಕರಾವಳಿ ಕಾವಲು ಪೊಲೀಸರು. ಸಿಗದೇ ಹೋದರೆ ಮೂರು ದಿನ ಹುಡುಕುವವರೂ ಅದೇ ಊರಿನ ಮುಳುಗುಗಾರರು. ನಿಮ್ಮ ರಿಸ್ಕನ್ನು ಅವರ ತಲೆಗೆ ಕಟ್ಟುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಜೊತೆಗೆ, ಎಲ್ಲ ಸರಿಯಾಗಿ ಓಡಿಸುತ್ತಿದ್ದರೂ ಇನ್ನೊಬ್ಬರ ತಪ್ಪು ನಿಮಗೆ ಬಂದು ಗುದ್ದಬಹುದು. 2024ರ ಡಿಸೆಂಬರ್ 18ರಂದು ಮುಂಬೈನಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ಫೆರಿಗೆ ಡಿಕ್ಕಿ ಹೊಡೆದದ್ದು ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್ ಬೋಟು. ಫೆರಿಯಲ್ಲಿ ಕೂತವರು ಏನು ತಪ್ಪು ಮಾಡಿದ್ದರು? ಜಾಕೆಟ್ ಇರೋದೇ ಇಂಥ ನಿಮಿಷಕ್ಕೆ. ಸೀಟಿನ ಕೆಳಗೆ ಮಡಚಿಟ್ಟ ಜಾಕೆಟ್ಟನ್ನು ನೀರಿಗೆ ಬಿದ್ದ ಮೇಲೆ ಹಾಕಿಕೊಳ್ತೀನಿ ಅನ್ನುವವರು ಒಮ್ಮೆ ಈಜುಕೊಳದಲ್ಲಿ ಹಾಕಿ ನೋಡಲಿ. ಫೋಟೋ ಚೆನ್ನಾಗಿ ಬರಲ್ಲ ಅಂತ ಬಕಲ್ ಬಿಚ್ಚುವವರಿಗೆ ಇನ್ನೇನು ಹೇಳೋದು?

ಎರಡನೇ ವಾದ ಜಾಣರದ್ದು: “ತಪ್ಪು ಬೋಟಿನವರದ್ದು. ದುಡ್ಡಿನಾಸೆ. ಸರ್ಕಾರ ಏನು ಮಾಡ್ತಿದೆ?” ಸರ್ಕಾರದ ಪಾಲು ಖಂಡಿತ ಇದೆ. ಒಳನಾಡು ಜಲಯಾನಕ್ಕೆ 2021ರ ಹೊಸ ಕಾಯ್ದೆ ಬಂದಿದೆ, ನೋಂದಣಿ, ತಪಾಸಣೆ ಎಲ್ಲ ಅದರಲ್ಲಿದೆ. ಜಾರಿ ಮಾಡಬೇಕಾದವರು ಮಾಡಲೇಬೇಕು, ಮಾಡದಿದ್ದರೆ ಬೈಯಲೂಬೇಕು. ಆದರೆ ದುಡ್ಡಿನಾಸೆ ಅನ್ನುವ ಮೊದಲು ಆ ದುಡ್ಡಿನ ಲೆಕ್ಕ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಳೆಗಾಲದ ಕಡಲಲ್ಲಿ ಪ್ರವಾಸಿ ಬೋಟುಗಳೂ ದಡದಲ್ಲೇ. ಉಳಿದ ತಿಂಗಳುಗಳಲ್ಲೇ ಡೀಸೆಲ್ಲು, ರಿಪೇರಿ, ಸಾಲದ ಕಂತು, ಹುಡುಗರ ಸಂಬಳ ಎಲ್ಲ ಹುಟ್ಟಬೇಕು. ಅವನು ಹೇಳಿದ ರೇಟಿನಲ್ಲಿ ಅರ್ಧ ಕಡಿಮೆ ಮಾಡಿಸಿ ‘ಸಕತ್ ಡೀಲ್ ಗುರೂ’ ಅಂತ ಸ್ಟೇಟಸ್ ಹಾಕುವ ನಾವು, ಆ ಕಡಿಮೆಯಾದ ದುಡ್ಡು ಎಲ್ಲಿಂದ ಹೋಯ್ತು ಅಂತ ಕೇಳಿದೀವಾ? ಡೀಸೆಲ್ಲಿನಿಂದಂತೂ ಹೋಗಲ್ಲ. ಹರಿದ ಜಾಕೆಟ್ ಬದಲಿಸುವ ದುಡ್ಡು ಅದು, ಎರಡನೇ ಹುಡುಗನ ಕೂಲಿ ಅದು. ಬಿರಿಯಾನಿ ತರಿಸೋಕೆ ಹತ್ತು ರಿವ್ಯೂ ಓದುವ ನಾವು ಬೋಟ್ ಹತ್ತುವಾಗ ಲೈಸೆನ್ಸ್ ಎಲ್ಲಿದೆ ಅಂತ ಒಂದು ಮಾತು ಕೇಳಲ್ಲ. ರಿವ್ಯೂ ಬರೆಯೋದು ಯಾವಾಗ? ಅವನು ಡಾಲ್ಫಿನ್ ತೋರಿಸದಿದ್ದಾಗ.

ಡಾಲ್ಫಿನ್ ವಿಷಯವೂ ಬಂತು, ಹೇಳಿಬಿಡ್ತೀನಿ. ನಮ್ಮ ದಡದ ಹತ್ತಿರ ಕಾಣುವ ಗೂನುಬೆನ್ನಿನ ಡಾಲ್ಫಿನ್ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯೂ ಇರುವ ಪಟ್ಟಿ ಅದು. ಅಳಿವೆಯ ಆಸುಪಾಸಿನಲ್ಲಿ ಮೀನು ಹಿಡಿಯುವ ಪ್ರಾಣಿ. ‘ಇನ್ನೂ ಹತ್ತಿರ ಹೋಗಿ ಅಣ್ಣ’ ಅಂತ ನಾಲ್ಕು ಬೋಟುಗಳು ಸುತ್ತುವರಿದರೆ ಅದರ ಊಟವೂ ಹೋಯ್ತು. ಎಲ್ಲರೂ ಮೊಬೈಲ್ ಹಿಡಿದು ಒಂದೇ ಬದಿಗೆ ಎದ್ದು ನಿಂತರೆ ನಮ್ಮ ಸಮತೋಲವೂ ಹೋಯ್ತು. ಬಂಡೀಪುರದಲ್ಲಿ ಜೀಪಿನಿಂದ ಇಳಿದು ಹುಲಿಯ ಹಿಂದೆ ಓಡ್ತೀರಾ?

ಹಾಗಂತ ಬೋಟ್ ಟ್ರಿಪ್ಪನ್ನೇ ನಿಲ್ಲಿಸಿ ಅನ್ನುವವರ ಗುಂಪಿಗೆ ನಾನು ಸೇರಲ್ಲ. ಅವಘಡ ಆದಾಗಲೆಲ್ಲ ಬೀಚಿಗೆ ಹಗ್ಗ ಕಟ್ಟಿ, ತಿಂಗಳು ಕಳೆದ ಮೇಲೆ ಬಿಚ್ಚೋದರಿಂದ ಏನೂ ಬದಲಾಗಲ್ಲ. ನಿಷೇಧದಿಂದ ಹೊಟ್ಟೆಗೆ ಪೆಟ್ಟು ಬೀಳೋದು ನಿಯಮ ಪಾಲಿಸುವವನಿಗೇ. ನಿಯಮ ಮುರಿಯುವವನು ಪಕ್ಕದ ಬೀಚಿನಿಂದ ಹೊರಡ್ತಾನೆ.

ಬದಲಾಗಬೇಕಾದದ್ದು ವ್ಯವಹಾರದ ಕರಾರು. ಇವತ್ತಿನ ಪದ್ಧತಿಯಲ್ಲಿ ಹೊರಟರೆ ತಾಂಡೇಲನಿಗೆ ದುಡ್ಡು, ಹೊರಡದಿದ್ದರೆ ರೀಫಂಡು. ಅಂದರೆ ಅವನ ಅನುಭವಕ್ಕೆ, ವಿವೇಕಕ್ಕೆ ನಾವು ದಂಡ ಹಾಕ್ತಿದೀವಿ. ಗಾಳಿ ನೋಡಿ ‘ಬೇಡ’ ಅಂದವನು ಅವತ್ತಿನ ಸಂಪಾದನೆ ಕಳೆದುಕೊಳ್ತಾನೆ, ‘ನಡೀರಿ ನೋಡೋಣ’ ಅಂದ ಪಕ್ಕದವನು ಗಿರಾಕಿ ಹಿಡೀತಾನೆ. ಇದನ್ನು ತಿರುಗಿಸೋದು ನಮ್ಮ ಕೈಯಲ್ಲೇ ಇದೆ. ಬುಕ್ ಮಾಡುವಾಗಲೇ ಹೇಳಿ: “ಹವಾಮಾನ ಸರಿಯಿಲ್ಲ ಅಂತ ನೀವು ಬೇಡ ಅಂದರೆ ಅಡ್ವಾನ್ಸ್ ನಿಮ್ಮದೇ.” ಆಫೀಸಿನ ಟೀಮ್ ಔಟಿಂಗ್ ಆದರೆ ಎಚ್‌ಆರ್ ಅದನ್ನು ಬಜೆಟ್ಟಿನಲ್ಲೇ ಬರೆಯಲಿ. ಅದರ ಜೊತೆಗೆ ನಾಲ್ಕು ಪ್ರಶ್ನೆ ಕೇಳಿ: ಈ ಬೋಟು ಪ್ರವಾಸಿಗರನ್ನು ಒಯ್ಯೋಕೆ ನೋಂದಣಿ ಆಗಿದೆಯಾ, ಎಷ್ಟು ಜನರ ಮಿತಿ, ಮಕ್ಕಳ ಅಳತೆಯ ಜಾಕೆಟ್ ಇದೆಯಾ, ದಡದಲ್ಲಿ ಯಾರಿಗೆ ವಾಪಸ್ ಬರುವ ಹೊತ್ತು ಗೊತ್ತಿರತ್ತೆ? ಉತ್ತರ ತಡವರಿಸಿದರೆ ಅಲ್ಲಿಂದ ಹೊರಡಿ. ಸರಿಯಾಗಿ ಬಂದರೆ ಚೌಕಾಸಿ ಮಾಡದೆ ರೇಟು ಕೊಡಿ.

‘ಬೇಡ’ ಅಂದ ದಿನ ದಡದಲ್ಲೇ ಕೂತು ಬಂಗುಡೆ ಫ್ರೈ ತಿನ್ನಿ. ವಾಪಸ್ ಬಂದ ಮೇಲೆ ಅವನಿಗೆ ಐದು ಸ್ಟಾರ್ ಕೊಟ್ಟು, ಕಾರಣವನ್ನೂ ಬರೆಯಿರಿ: ‘ಕರೆದುಕೊಂಡು ಹೋಗಲಿಲ್ಲ.’